ನಲವತ್ತು ಮಂದಿ ಆರಾಮ

ಮೂರನೇ ಸಲವೂ ಪೆಟ್ಟಿಗೆ ಹಸಿರು ದೀಪವನ್ನೇ ತೋರಿಸಿತು.

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಸಾಲು ಮುಗಿಯುವಲ್ಲಿ ಒಂದು ಆರೋಗ್ಯ ಉಪಕೇಂದ್ರವಿದೆ. ಅಲ್ಲಿ ಕೊಟ್ರಮ್ಮನ ಬೆರಳನ್ನು ನರ್ಸು ಚುಚ್ಚಿ, ಒಂದು ಹನಿ ರಕ್ತವನ್ನು ಪೆಟ್ಟಿಗೆಯ ಬಾಯಿಗೆ ಬಿಟ್ಟು ಆರು ನಿಮಿಷ ಕಾದಳು. ಅಷ್ಟರಲ್ಲಿ ಕೊಟ್ರಮ್ಮ ಬೆಂಚಿನ ಮೇಲೆ ಗೋಡೆಗೊರಗಿ ನಿದ್ದೆ ಹೋಗಿದ್ದಳು. ಏಪ್ರಿಲ್ ತಿಂಗಳು, ತಗಡಿನ ಚಾವಣಿ, ಸಾಲದ್ದಕ್ಕೆ ಫ್ಯಾನು ಬೇರೆ ಕೆಟ್ಟಿತ್ತು. ಅವಳು ಮಾತ್ರ ಶಾಲು ಹೊದ್ದಿದ್ದಳು. ವಯಸ್ಸು ಮೂವತ್ತನಾಲ್ಕು. ಮುಖ ಊದಿಕೊಂಡು, ಹುಬ್ಬಿನ ತುದಿಯ ಕೂದಲು ಉದುರಿ, ನೋಡಿದವರು ಐವತ್ತು ಎನ್ನುತ್ತಿದ್ದರು. ನರ್ಸು ಅವಳನ್ನು ತಟ್ಟಿ ಎಬ್ಬಿಸಿ, ನಿನಗೇನೂ ಆಗಿಲ್ಲ, ಇನ್ನು ಮೂರು ವರ್ಷ ಬಿಟ್ಟು ಬಾ ಎಂದು ಹೇಳಿ ಮುಂದಿನವಳನ್ನು ಕರೆದಳು.

ಜೊತೆಗೆ ಬಂದಿದ್ದ ಅಕ್ಕ ಹಾಲಮ್ಮನಿಗೆ ಆಗ ತಂಗಿಯ ಮೇಲೆ ಸಿಟ್ಟು ಬರಬೇಕಿತ್ತು. ಹಿಂದಿನ ಎರಡು ಸಲ ಬಂದಿತ್ತು. ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ, ನಿನ್ನ ಮೈಗಳ್ಳತನಕ್ಕೆ ಯಾವ ಆಸ್ಪತ್ರೆಯಲ್ಲೂ ಮದ್ದಿಲ್ಲ ಎಂದು ನಡುಬೀದಿಯಲ್ಲೇ ಬೈದಿದ್ದಳು. ಹಾಗೆ ಬೈಯಲು ತನಗಿಂತ ಹೆಚ್ಚು ಹಕ್ಕು ಯಾರಿಗಿದೆ ಎಂದುಕೊಂಡಿದ್ದಳು. ಆ ಪೆಟ್ಟಿಗೆಯ ಹೊಟ್ಟೆಯೊಳಗಿನ ಸಾಮಾನು ಬೆಳೆದದ್ದೇ ಅವಳ ಕೈಯಲ್ಲಿ.

ಈ ಸಲ ಕೊಟ್ರಮ್ಮ ಶಾಲನ್ನು ಸರಿಮಾಡಿಕೊಳ್ಳುತ್ತ, ಇತ್ತೀಚೆಗೆ ಗಂಡಸಿನಂತೆ ಒಡೆದಿದ್ದ ದನಿಯಲ್ಲಿ ಕೇಳಿದಳು.

“ಹಸಿರಾ ಅಕ್ಕ?”

“ಹೂಂ.”

“ಹಂಗಾರೆ ನಾನೇ ಸರಿ ಇಲ್ಲ ಬಿಡು. ನನ್ನ ಮೈಯೇ ಹಿಂಗೆ.”

ಅಳಲಿಲ್ಲ, ದೂರಲಿಲ್ಲ. ಅಂಗಡಿಯಲ್ಲಿ ಸಕ್ಕರೆ ಮುಗಿದಿದೆ ಎಂದಾಗ ತಲೆಯಾಡಿಸಿ ಹೊರಡುವವರ ಹಾಗೆ ಹೊರಟಳು. ಒಂದು ಯಂತ್ರ ತನ್ನ ತಂಗಿಯನ್ನು ಇಷ್ಟು ಸುಲಭವಾಗಿ ಒಪ್ಪಿಸಿಬಿಟ್ಟಿತಲ್ಲ ಎಂದು ಹಾಲಮ್ಮನ ಮೈಯೆಲ್ಲ ಉರಿಯಿತು.

ಒಪ್ಪಿಸುವುದರಲ್ಲಿ ಯಂತ್ರದ ಜೊತೆ ಉಳಿದವರೂ ಕೈಜೋಡಿಸಿದ್ದರು. ಕೊಟ್ರಮ್ಮನಿಗೆ ಮೂರು ಬಸಿರು ನಿಲ್ಲಲಿಲ್ಲ. ಹರಿಹರದ ಗಂಡನ ಮನೆಯವರು ಪೆಟ್ಟಿಗೆ ಕೊಟ್ಟ ಎರಡು ಹಸಿರು ಚೀಟಿಗಳನ್ನು ಮುಂದಿಟ್ಟು, ಕಾಯಿಲೆಯಾಗಿದ್ದರೆ ನೋಡಿಕೊಳ್ಳುತ್ತಿದ್ದೆವು, ಸೋಮಾರಿತನಕ್ಕೆ ನಾವೇನು ಮಾಡೋಣ ಎಂದು ತವರಿಗೆ ತಂದುಬಿಟ್ಟಿದ್ದರು. ತವರೆಂದರೆ ಅಕ್ಕನ ಮನೆಯೇ. ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿಯುವ ಕೆಲಸಕ್ಕೆ ಹೋದವಳು ನಿಂತಲ್ಲೇ ತೂಕಡಿಸಿ, ಕಾದ ಮರಳಿಗೆ ಅಂಗೈ ಊರಿ, ಚರ್ಮ ಸುಲಿದ ಮೇಲೆ ಎಚ್ಚರಗೊಂಡಿದ್ದಳು. ಆವತ್ತೂ ಹಾಲಮ್ಮ ಮುಲಾಮು ಹಚ್ಚುತ್ತ ಬೈದಿದ್ದಳೇ ಹೊರತು ಇನ್ನೇನೂ ಯೋಚಿಸಿರಲಿಲ್ಲ.

ಪೆಟ್ಟಿಗೆಯ ಸರ್ಕಾರಿ ಹೆಸರು ಕಂಠರಕ್ಷಾ. ಜನ ಅದನ್ನು ಹಸಿರು ಪೆಟ್ಟಿಗೆ ಎನ್ನುತ್ತಿದ್ದರು. ಅದು ಬಂದು ಆರು ವರ್ಷವಾಗಿತ್ತು, ಬಂದಾಗ ಪತ್ರಿಕೆಗಳು ಹಾಡಿ ಹೊಗಳಿದ್ದವು. ಹೊಗಳುವಂಥದ್ದೇ. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಮೈಯ ಕಾವನ್ನೂ ಚುರುಕನ್ನೂ ಕಾಯುವಂಥದ್ದು. ಕೆಲವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ರೋಗಾಣುಗಳ ಮೇಲೆ ಬೀಳಬೇಕಾದ ಪ್ರತಿಕಾಯಗಳು ದಾರಿತಪ್ಪಿ ಸ್ವಂತ ಗ್ರಂಥಿಯ ಮೇಲೆಯೇ ಬೀಳುತ್ತವೆ. ಅಲ್ಲಿ ಅವು ಕಚ್ಚಿ ಹಿಡಿಯುವುದು ಪೆರಾಕ್ಸಿಡೇಸ್ ಎಂಬ ಪ್ರೋಟೀನನ್ನು. ಅದರ ಯಾವ ಜಾಗವನ್ನು ಹಿಡಿಯುತ್ತವೆ ಎನ್ನುವುದು ಎಲ್ಲರಲ್ಲಿ ಒಂದೇ ರೀತಿಯಲ್ಲ, ಆದರೆ ಒಂದು ಮನೆತನದಲ್ಲಿ ಸಾಮಾನ್ಯವಾಗಿ ಒಂದೇ ರೀತಿ.

ಹಾಲಮ್ಮ ಇದನ್ನು ಕೇಳಿದವರಿಗೆಲ್ಲ ಬಸ್ಸಿನ ಲೆಕ್ಕದಲ್ಲಿ ವಿವರಿಸುತ್ತಿದ್ದಳು. ಪ್ರೋಟೀನು ಒಂದು ಬಸ್ಸು, ಒಳಗೆ ಒಂಬತ್ತು ಸೀಟು. ಪ್ರಯೋಗಾಲಯದಲ್ಲಿ ಇಲಿಯ ಜೀವಕೋಶಗಳಿಂದ ಬೆಳೆಸಿದ ಒಂಬತ್ತು ಬಗೆಯ ಪ್ರತಿಕಾಯಗಳಿವೆ, ಒಂದೊಂದಕ್ಕೂ ಒಂದೊಂದು ಸೀಟು ಖಾಯಂ. ಕೂತರೆ ಮಿನುಗುತ್ತವೆ. ರೋಗಿಯ ರಕ್ತ ಮೊದಲೇ ಬಸ್ಸು ಹತ್ತಿ ಎರಡನೇ ಸೀಟಿಗೆ ಟವೆಲ್ ಹಾಕಿ ಹಿಡಿದಿದ್ದರೆ ನಮ್ಮದು ಅಲ್ಲಿ ಕೂರಲಾರದು, ಆ ಸೀಟು ಕಪ್ಪಾಗುತ್ತದೆ. ಯಾವುದಾದರೂ ಸೀಟು ಕಪ್ಪಾದರೆ ಪೆಟ್ಟಿಗೆ ಕೆಂಪು ದೀಪ ಹಚ್ಚುತ್ತದೆ, ಕೆಂಪು ಬಂದರೆ ಮಾತ್ರ ಪಕ್ಕದ ಕಪಾಟಿನ ಬೀಗ ತಾನಾಗಿ ತೆರೆಯುತ್ತದೆ. ಒಳಗಿರುವುದು ಶಮನ ಎಂಬ ಚುಚ್ಚುಮದ್ದು. ಅದು ಕಪ್ಪಾದ ಸೀಟಿನ ಟವೆಲ್‌ಗಳನ್ನಷ್ಟೇ ಎತ್ತಿಸುತ್ತದೆ. ಒಂದು ಸಲ ಹಾಕಿದರೆ ಗ್ರಂಥಿ ಅಲ್ಲಿಗೆ ಉಳಿಯಿತು. ಆದರೆ ಬದುಕಿರುವ ಗ್ರಂಥಿಯನ್ನು ಅದು ಉಳಿಸುತ್ತದೆ, ಸತ್ತದ್ದನ್ನು ಎಬ್ಬಿಸುವುದಿಲ್ಲ.

ಇಷ್ಟು ಚೆಂದದ ಪೆಟ್ಟಿಗೆ ಬಂದ ಮೇಲೆ ಹಾರ್ಮೋನು ಅಳೆಯುವ ಹಳೇ ಪರೀಕ್ಷೆ ಯಾಕೆ ಎಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಅದನ್ನು ನಿಲ್ಲಿಸಿದರು. ಖಾಸಗಿಯಲ್ಲಿ ಮಾಡಿಸಬಹುದಿತ್ತು. ಹಾಲಮ್ಮ ಮಾಡಿಸಲಿಲ್ಲ. ತನ್ನ ಕೈಯಾರೆ ಬೆಳೆಸಿದ್ದರ ಮೇಲೆ ಅವಳಿಗೆ ಅಷ್ಟು ನಂಬಿಕೆ.

ಊರಾಚೆಯ ಆ ಸಂಶೋಧನಾ ಕೇಂದ್ರದಲ್ಲಿ ಅವಳದು ಇಪ್ಪತ್ತೆರಡು ವರ್ಷದ ಸರ್ವೀಸು. ಒಂಬತ್ತು ಬಗೆಯ ಜೀವಕೋಶಗಳಿಗೆ ದಿನ ಬಿಟ್ಟು ದಿನ ಆಹಾರದ ದ್ರವ ಬದಲಾಯಿಸುವುದು, ಅವು ಉಗುಳಿದ ಪ್ರತಿಕಾಯವನ್ನು ಶೋಧಿಸುವುದು, ಫ್ರೀಜರ್ ಕಾಯುವುದು. ಯಾವ ಕೋಶ ಯಾವಾಗ ಮುನಿಸಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತು. ಮೂರನೇ ನಂಬರಿನದಕ್ಕೆ ಸ್ವಲ್ಪ ಹೆಚ್ಚು ಶಾಖವಾದರೂ ಆಗದು, ಎಂಟನೆಯದು ಗುಂಪು ಹೆಚ್ಚಾದರೆ ಸಾಯುತ್ತದೆ. ಇಲಿಯ ಕೋಶಕ್ಕೆ ಆಯಾಸವಾದದ್ದು ಇವಳ ಕಣ್ಣಿಗೆ ಬೀಳುತ್ತಿತ್ತು, ಒಡಹುಟ್ಟಿದವಳಿಗೆ ಆದದ್ದು ಬೀಳಲಿಲ್ಲ.

ಉಪಕೇಂದ್ರದಿಂದ ಅವಳು ತಂಗಿಯನ್ನು ಮನೆಗೆ ಕರೆದೊಯ್ಯದೆ ನೇರವಾಗಿ ಪ್ರಯೋಗಾಲಯಕ್ಕೆ ಕರೆತಂದಳು. ಡಾ. ಶಿಫಾ ಎಂಬ ಹುಡುಗಿ ಆರು ತಿಂಗಳ ಹಿಂದೆ ಅಲ್ಲಿ ವಿಜ್ಞಾನಿಯಾಗಿ ಸೇರಿದ್ದಳು, ಓದಿನಲ್ಲಿ ಚುರುಕು, ಮಾತು ಕಡಿಮೆ. ಕೊಟ್ರಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಇವಳನ್ನು ನೋಡಿ ಮೇಡಂ, ಪೆಟ್ಟಿಗೆ ಏನು ಹೇಳಿತು ಅನ್ನೋದು ಬೇಡ, ಕಣ್ಣಾರೆ ನೋಡಿ ಎಂದಳು ಹಾಲಮ್ಮ. ಶಿಫಾ ಮುಖ ನೋಡಿದಳು, ಕತ್ತು ಮುಟ್ಟಿದಳು, ಮೊಣಕಾಲಿಗೆ ತಟ್ಟಿ ಕಾಲು ಎಷ್ಟು ನಿಧಾನವಾಗಿ ಇಳಿಯುತ್ತದೆಂದು ಗಮನಿಸಿದಳು. ರಕ್ತ ತೆಗೆದು, ನಿಲ್ಲಿಸಿದ್ದ ಹಳೇ ಪರೀಕ್ಷೆಯನ್ನು ತಾನೇ ಮಾಡಿದಳು. ಮಧ್ಯಾಹ್ನದ ಹೊತ್ತಿಗೆ ಉತ್ತರ ಬಂತು. ಗ್ರಂಥಿ ಮುಕ್ಕಾಲು ಭಾಗ ಕೆಲಸ ನಿಲ್ಲಿಸಿದೆ.

ಕೊಟ್ರಮ್ಮನಿಗೆ ಆವತ್ತೇ ಹಾರ್ಮೋನು ಮಾತ್ರೆ ಶುರುವಾಯಿತು. ಆದರೆ ಮಾತ್ರೆ ಕೊರತೆ ತುಂಬುತ್ತದೆಯೇ ಹೊರತು ಕಚ್ಚುವ ಪ್ರತಿಕಾಯಗಳನ್ನು ಬಿಡಿಸುವುದಿಲ್ಲ. ಉಳಿದ ಕಾಲು ಭಾಗ ಉಳಿಯಬೇಕಾದರೆ ಶಮನವೇ ಆಗಬೇಕು, ಅದೂ ಈ ವರ್ಷದೊಳಗೆ. ಶಮನದ ಕಪಾಟು ಕೆಂಪು ದೀಪಕ್ಕಷ್ಟೇ ತೆರೆಯುತ್ತದೆ, ಪೆಟ್ಟಿಗೆ ಇವಳಿಗೆ ಹಸಿರು ಎನ್ನುತ್ತದೆ. ಹಾಗಾದರೆ ಪೆಟ್ಟಿಗೆ ಯಾಕೆ ಹಾಗೆನ್ನುತ್ತದೆ?

ಮರುದಿನ ಇಬ್ಬರೂ ಕೊಟ್ರಮ್ಮನ ರಕ್ತವನ್ನು ಹಳೆಯ ದೊಡ್ಡ ತಟ್ಟೆಯಲ್ಲಿ ಪರೀಕ್ಷೆಗಿಟ್ಟರು. ಪೆಟ್ಟಿಗೆ ಮಾಡುವ ಕೆಲಸವನ್ನೇ ಇಲ್ಲಿ ಕೈಯಿಂದ ಮಾಡಬೇಕು. ಆರೋಗ್ಯವಂತರ ರಕ್ತದಲ್ಲೂ ಸುಮ್ಮನೆ ಅಲ್ಲಿ ಇಲ್ಲಿ ಅಂಟುವ ಕಸಕಡ್ಡಿ ಇರುತ್ತದಾದ್ದರಿಂದ, ಅಷ್ಟನ್ನು ಸೊನ್ನೆ ಎಂದು ಹಿಡಿದು ಕಳೆಯಬೇಕು. ಅದಕ್ಕೆಂದೇ ಫ್ರೀಜರಿನಲ್ಲಿ ನಾರ್ಮಲ್ ಬಾಟಲಿ ಇತ್ತು. ನಲವತ್ತು ಆರೋಗ್ಯವಂತ ಹೆಂಗಸರ ರಕ್ತದ ತಿಳಿಯನ್ನು ಬೆರೆಸಿ ಮಾಡಿದ್ದು. ಅದರದೇ ಚಿಕ್ಕ ಚಿಕ್ಕ ಟ್ಯೂಬುಗಳು ತಿಂಗಳಿಗೊಮ್ಮೆ ರಾಜ್ಯದ ಎಲ್ಲ ಪೆಟ್ಟಿಗೆಗಳಿಗೂ ಹೋಗುತ್ತವೆ. ಹಾಲಮ್ಮ ಎಂದಿನಂತೆ ನಾರ್ಮಲ್ ತೆಗೆಯಲು ಹೋದಾಗ ಶಿಫಾ ತಡೆದಳು.

“ಅದು ಬೇಡ ಹಾಲಕ್ಕ. ಒಂದು ಸಾಲಿಗೆ ಬರೀ ಉಪ್ಪುನೀರು ಹಾಕಿ. ಇನ್ನೊಂದು ಸಾಲಿಗೆ ನಾರ್ಮಲನ್ನೇ ರೋಗಿ ಅಂದ್ಕೊಂಡು ಹಾಕಿ.”

ಇಪ್ಪತ್ತೆರಡು ವರ್ಷದಲ್ಲಿ ಯಾರೂ ಹಾಗೆ ಹೇಳಿರಲಿಲ್ಲ. ಅಳತೆಗೋಲನ್ನೇ ಅಳೆಯಲು ಯಾರು ಹೋಗುತ್ತಾರೆ? ಹಾಲಮ್ಮ ಹಾಕಿದಳು. ಎರಡು ಗಂಟೆಯ ನಂತರ ತಟ್ಟೆಯನ್ನು ಓದಿದಾಗ ಕೊಟ್ರಮ್ಮನ ಸಾಲಿನಲ್ಲಿ ಎರಡನೇ ಸೀಟೂ ಐದನೇ ಸೀಟೂ ಕಪ್ಪಗಿದ್ದವು. ಅದರ ಕೆಳಗೆ ನಾರ್ಮಲ್ ಸಾಲಿತ್ತು. ಅಲ್ಲಿಯೂ ಎರಡನೆಯದು ಕಪ್ಪು, ಐದನೆಯದು ಕಪ್ಪು.

ಶಿಫಾ ಎರಡು ಸಾಲುಗಳ ಮೇಲೂ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ, ನಾವು ಕಾಯಿಲೆಯಿಂದ ಕಾಯಿಲೆಯನ್ನು ಕಳೆದು ಸೊನ್ನೆ ತೋರಿಸುತ್ತಿದ್ದೇವೆ ಎಂದಳು. ಬೇರೆ ಸೀಟು ಹಿಡಿದವರು ಸರಿಯಾಗಿ ಸಿಕ್ಕಿಬೀಳುತ್ತಿದ್ದುದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ. ಎರಡು ಮತ್ತು ಐದು ಹಿಡಿದವರು ಮಾತ್ರ ಹಸಿರು ಚೀಟಿ ಹಿಡಿದು ಮನೆಗೆ ಹೋಗುತ್ತಿದ್ದರು. ರಾಜ್ಯದಲ್ಲಿ ಅಂಥವರು ಎಷ್ಟಿರಬಹುದು ಎಂದು ಹಾಲಮ್ಮ ಕೇಳಿದಾಗ, ಕಡಿಮೆಯೆಂದರೂ ಲಕ್ಷದ ಮೇಲೆ ಎಂದಳು.

ಹಾಲಮ್ಮ ಫ್ರೀಜರ್ ತೆರೆದು ಬಾಟಲಿಯನ್ನು ಹೊರತೆಗೆದಳು. ಹಿಮ ಒರೆಸಿದಾಗ ಚೀಟಿ ಕಾಣಿಸಿತು. ನಾರ್ಮಲ್, ನಲವತ್ತು ಜನ, ಆಯುಧಪೂಜೆ. ಒಂಬತ್ತು ವರ್ಷದ ಹಿಂದಿನ ತಾರೀಕು. ಕೈಬರಹ ಅವಳದೇ. ಬಾಟಲಿಯ ಕತ್ತಿನಲ್ಲಿ ಆವತ್ತು ಇಟ್ಟ ಕುಂಕುಮ ಇನ್ನೂ ಕಂದು ಚುಕ್ಕೆಯಾಗಿ ಉಳಿದಿತ್ತು.

ಆವತ್ತಿನದೆಲ್ಲ ಅವಳಿಗೆ ನೆನಪಾಯಿತು. ನಿರ್ದೇಶಕರಾದ ಡಾ. ನಿರಂಜನಮೂರ್ತಿಗಳಿಗೆ ವಾರದೊಳಗೆ ನಲವತ್ತು ಆರೋಗ್ಯವಂತ ಹೆಂಗಸರು ಬೇಕಾಗಿದ್ದರು. ಆಯುಧಪೂಜೆಗೆ ಹೇಗೂ ಸಿಬ್ಬಂದಿಯ ಮನೆಮಂದಿಯೆಲ್ಲ ಯಂತ್ರಗಳನ್ನು ನೋಡಲು, ಮಂಡಕ್ಕಿ ಮೆಣಸಿನಕಾಯಿ ತಿನ್ನಲು ಬರುತ್ತಾರೆ, ಆಗಲೇ ತೆಗೆದುಬಿಡಿ ಎಂದರು. ಹಾಲಮ್ಮ ಕಸ ಗುಡಿಸುವವರನ್ನು, ಹಾಸ್ಟೆಲಿನ ಅಡಿಗೆಯವರನ್ನು, ಆಯಾಗಳನ್ನು ಸೇರಿಸಿದಳು. ಸಾಲದೆಂದು ಭಟ್ಟಿ ಸಾಲಿನ ತಮ್ಮದೇ ನೆಂಟರಿಷ್ಟರಲ್ಲಿ ಹನ್ನೊಂದು ಜನರನ್ನು ಕರೆತಂದಳು. ಅದರಲ್ಲಿ ಹೊಸ ಸೀರೆ ಉಟ್ಟ ಇಪ್ಪತ್ತೈದರ ಕೊಟ್ರಮ್ಮನೂ ಇದ್ದಳು. ಫಾರಂನಲ್ಲಿ ಆರೋಗ್ಯದ ಬಗ್ಗೆ ಹದಿನೇಳು ಪ್ರಶ್ನೆಗಳಿದ್ದವು. ಸುಸ್ತು ಇದೆಯೇ, ಚಳಿ ಹೆಚ್ಚೇ, ಮುಟ್ಟು ಸರಿಯಾಗಿದೆಯೇ, ಮನೆತನದಲ್ಲಿ ಯಾರಿಗಾದರೂ ಇದೆಯೇ. ಪೂಜೆಗೆ ಹೊತ್ತಾಗುತ್ತಿತ್ತು. ಹಾಲಮ್ಮ ಒಬ್ಬೊಬ್ಬರ ಮುಖ ನೋಡಿ ಒಂದೇ ಮಾತು ಕೇಳಿದಳು, “ಆರಾಮಾ?”

ಹಬ್ಬದ ದಿನ, ನಾಲ್ಕು ಜನರ ಮುಂದೆ, ಎದುರಾದವರು ಆರಾಮಾ ಎಂದು ಕೇಳಿದರೆ ನಮ್ಮಲ್ಲಿ ಹೆಂಗಸರು ಏನು ಹೇಳುತ್ತಾರೆ? ಜ್ವರದಲ್ಲಿ ಸುಡುತ್ತಿದ್ದರೂ ಆರಾಮ ಎನ್ನುತ್ತಾರೆ. ನಲವತ್ತು ಮಂದಿಯೂ “ಆರಾಮ್ ರೀ” ಎಂದರು. ಹಾಲಮ್ಮ ಹದಿನೇಳು ಪ್ರಶ್ನೆಗೂ ತೊಂದರೆ ಇಲ್ಲವೆಂದು ಸಾಲಾಗಿ ಟಿಕ್ ಹಾಕಿದಳು. ಅರ್ಧ ಗಂಟೆಯಲ್ಲಿ ಮುಗಿಯಿತು. ಅದೇ ಸೊನ್ನೆಯಾಯಿತು.

ಆವತ್ತು ಸಂಜೆ ಮನೆಯಲ್ಲಿ ಅವಳು ತಂಗಿಯ ಎದುರು ಕೂತು ಕೇಳಿದಳು. ಆ ಆಯುಧಪೂಜೆಯ ದಿನ ನಿನಗೆ ಹೇಗಿತ್ತು, ನಿಜ ಹೇಳು ಎಂದಳು. ಕೊಟ್ರಮ್ಮ ಒಂಬತ್ತು ವರ್ಷ ಹಿಂದಕ್ಕೆ ಹೋಗಿ ನಿಧಾನವಾಗಿ ನೆನಪಿಸಿಕೊಂಡಳು.

“ಮೆಟ್ಲು ಹತ್ತಕ್ಕೆ ಆಗ್ಲಿಲ್ಲ ಅಕ್ಕ. ಮೂರು ಸಲ ನಿಂತು ಹತ್ತಿದೆ.”

“ಮತ್ತೆ ಆರಾಮ ಅಂದ್ಯಲ್ಲೇ?”

“ನೀನು ಕೇಳಿದ್ದು ಹಂಗಿತ್ತು.”

ಮರುದಿನದಿಂದ ಹಾಲಮ್ಮ ಸಂಜೆ ಸಂಜೆ ಭಟ್ಟಿ ಸಾಲಿನಲ್ಲಿ ಆ ಹನ್ನೊಂದು ಮನೆಗಳಿಗೆ ಹೋದಳು. ಒಬ್ಬಳು ಸತ್ತಿದ್ದಳು. ಒಬ್ಬಳಿಗೆ ಬಾಣಂತನದಲ್ಲಿ ತಲೆಕೆಟ್ಟಿತೆಂದು ಗಾಳಿ ಬಿಡಿಸಲು ಕರೆದೊಯ್ದು, ಬೇವಿನ ಬರಲಿನಲ್ಲಿ ಹೊಡೆಸಿ ತಂದಿದ್ದರು. ಅದೂ ಗ್ರಂಥಿಯದೇ ಕೆಲಸವಾಗಿರಬಹುದು ಎಂದು ಆಗ ಯಾರಿಗೆ ಗೊತ್ತು? ಉಳಿದವರು ಕೈಕಾಲು ಬಾವು, ಎದೆಬಡಿತ, ಕೂದಲುದುರು ಎಲ್ಲವನ್ನೂ ಹೆಣ್ಣುಜನ್ಮದ ಲೆಕ್ಕಕ್ಕೆ ಹಾಕಿ ಕೂತಿದ್ದರು. ಎಲ್ಲರ ಮನೆಯ ಗೂಡಿನಲ್ಲೂ ಹಸಿರು ಚೀಟಿ ಇತ್ತು. ಒಬ್ಬಳು ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಳು.

ಬಾಟಲಿಗೆ ಬೆರೆಸುವ ಮೊದಲು ಒಬ್ಬೊಬ್ಬರದೂ ಒಂದೊಂದು ಟ್ಯೂಬು ಪ್ರತ್ಯೇಕವಾಗಿ ಎತ್ತಿಡುವುದು ರೂಢಿ. ಹಾಲಮ್ಮ ಆ ರೂಢಿಯನ್ನು ಮಾತ್ರ ತಪ್ಪಿಸಿರಲಿಲ್ಲ. ಶಿಫಾ ಎರಡು ದಿನ ಕೂತು ನಲವತ್ತನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಿದಳು. ಹದಿನಾಲ್ಕರಲ್ಲಿ ಎರಡು ಮತ್ತು ಐದನೇ ಸೀಟು ಹಿಡಿಯುವ ಪ್ರತಿಕಾಯವಿತ್ತು. ಅದರಲ್ಲಿ ಒಂಬತ್ತು ಭಟ್ಟಿ ಸಾಲಿನವರದು, ಹೆಚ್ಚುಕಡಿಮೆ ಒಂದೇ ರಕ್ತಸಂಬಂಧ. ಇಪ್ಪತ್ತೇಳನೇ ಟ್ಯೂಬು ಎಲ್ಲಕ್ಕಿಂತ ಗಾಢ, ಅದು ಕೊಟ್ರಮ್ಮನದು. ಪೆಟ್ಟಿಗೆ ಬಂದಾಗಿನಿಂದ ಅವಳ ರಕ್ತದಿಂದಲೇ ಅವಳ ಕಾಯಿಲೆಯನ್ನು ಕಳೆಯುತ್ತಿದ್ದರು. ನಲವತ್ತರಲ್ಲಿ ಒಬ್ಬಳಾಗಿ ಹಾಲಮ್ಮ ತಾನೂ ರಕ್ತ ಕೊಟ್ಟಿದ್ದಳು, ಅವಳ ಟ್ಯೂಬು ಸ್ವಚ್ಛವಾಗಿತ್ತು. ಅದು ಅವಳಿಗೆ ಸಮಾಧಾನ ತರಲಿಲ್ಲ. ತನ್ನ ಮೈಯ ಚುರುಕನ್ನೇ ಎಲ್ಲರಿಗೂ ಅಳತೆ ಮಾಡಿಕೊಂಡು ಇಷ್ಟು ವರ್ಷ ಬೈದೆನಲ್ಲ ಎಂದು ತನ್ನ ಮೇಲೇ ಹೇಸಿಕೊಂಡಳು.

ನಿಯಂತ್ರಣ ಕೊಠಡಿ ಎರಡನೇ ಮಹಡಿಯಲ್ಲಿತ್ತು. ಗೋಡೆಯಗಲ ರಾಜ್ಯದ ನಕ್ಷೆ, ಎಲ್ಲಾದರೂ ಒಂದು ಪೆಟ್ಟಿಗೆ ಉತ್ತರ ಕೊಟ್ಟರೆ ಅಲ್ಲೊಂದು ಚುಕ್ಕೆ ಮಿನುಗುತ್ತದೆ. ನಿರಂಜನಮೂರ್ತಿಗಳು ನಕ್ಷೆಗೆ ಬೆನ್ನು ಮಾಡಿ ಕೂತು ಶಿಫಾ ಕೊಟ್ಟ ಹಾಳೆಗಳನ್ನು ಓದಿದರು. ಅವರು ಕೆಟ್ಟವರಲ್ಲ, ದಡ್ಡರಂತೂ ಅಲ್ಲವೇ ಅಲ್ಲ. ಓದಿದೊಡನೆ ಎಲ್ಲವೂ ಅರ್ಥವಾಯಿತೆಂದು ಅವರ ಮುಖವೇ ಹೇಳಿತು. ಆಮೇಲೆ ಅವರು ಶಿಫಾಳನ್ನು ಬಿಟ್ಟು ಹಾಲಮ್ಮನ ಕಡೆ ತಿರುಗಿ, ಹಳೇ ಫಾರಂಗಳ ಕಟ್ಟನ್ನು ಮೇಜಿನ ಮೇಲಿಟ್ಟರು.

“ಈ ಕೈಬರಹ ಯಾರದು ಹಾಲಮ್ಮ?”

“ನಂದೇ ಸರ್.”

“ನಲವತ್ತು ಜನರಿಗೂ ಆರೋಗ್ಯ ಅಂತ ಟಿಕ್ ಹಾಕಿರೋದು ನೀವೇ ಅಲ್ವಾ? ನಾನು ಸೇರಿಸಿ ಅಂತ ಹೇಳಿದ್ದು ಆರೋಗ್ಯವಂತರನ್ನ.”

ತಪ್ಪು ತನ್ನದೇ ಎಂದು ಹಾಲಮ್ಮ ಒಪ್ಪಿಕೊಂಡಳು. ಒಪ್ಪಿಕೊಂಡಾಯಿತಲ್ಲ, ಇನ್ನು ಎಲ್ಲ ಪೆಟ್ಟಿಗೆ ನಿಲ್ಲಿಸಿ, ಹಸಿರು ಬಂದವರನ್ನೆಲ್ಲ ಮತ್ತೆ ಕರೆಯಿಸಿ ಸರ್ ಎಂದಳು. ಅವರು ಇಲ್ಲವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. ಮುಂದಿನ ವರ್ಷದ ಹೊತ್ತಿಗೆ ಹೊಸ ಬಾಟಲಿ ಸಿದ್ಧಪಡಿಸೋಣ, ಸದ್ದಿಲ್ಲದೆ ಬದಲಾಯಿಸೋಣ ಎಂದರು. ಈಗ ಬಾಯಿಬಿಟ್ಟರೆ ಜನ ಪೆಟ್ಟಿಗೆಯನ್ನೇ ನಂಬುವುದಿಲ್ಲ, ಕೆಂಪು ಬಂದು ಉಳಿಯಬೇಕಾದವರೂ ಬರುವುದಿಲ್ಲ ಎಂದರು. ಆ ಮಾತಿನಲ್ಲಿ ಸ್ವಲ್ಪ ನಿಜವೂ ಇತ್ತು, ಅದಕ್ಕೇ ಹಾಲಮ್ಮನಿಗೆ ಇನ್ನಷ್ಟು ರೇಗಿತು.

“ಹಸಿರು ಬಂದೋರು ಮೂರು ವರ್ಷಕ್ಕೆ ಹೇಗೂ ವಾಪಸ್ ಬರ್ತಾರಲ್ಲ,” ಎಂದರು ಅವರು.

“ಅಷ್ಟೊತ್ತಿಗೆ ಗ್ರಂಥಿ ಇರಲ್ಲ ಸರ್.”

“ಮಾತ್ರೆ ಇದೆಯಲ್ಲಮ್ಮ. ಯಾರೂ ಸಾಯಲ್ಲ.”

ಹಾಲಮ್ಮ ಆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ತಗ್ಗಿದ ದನಿಯಲ್ಲೇ ಮಾತಾಡಿದ್ದವಳು. ಈಗಲೂ ಕೂಗಲಿಲ್ಲ. ಮೂರು ಬಸಿರು ಸತ್ತಿವೆ ಸರ್ ಎಂದಳು. ಒಬ್ಬಳ ಬಾಳು ಮುರಿದಿದೆ, ಒಬ್ಬಳನ್ನು ದೆವ್ವವೆಂದು ಹೊಡೆದಿದ್ದಾರೆ, ನನ್ನ ತಂಗಿ ತಾನೇ ಸರಿಯಿಲ್ಲ ಅಂತ ನಂಬಿಕೊಂಡಿದ್ದಾಳೆ, ಇದಕ್ಕೆಲ್ಲ ಯಾವ ಮಾತ್ರೆ ಕೊಡುತ್ತೀರಿ ಎಂದಳು. ನಿರಂಜನಮೂರ್ತಿಗಳು ಕನ್ನಡಕ ತೆಗೆದು ಒರೆಸಿದರು. ಅವರ ಹಿಂದೆ ನಕ್ಷೆಯಲ್ಲಿ ಹಸಿರು ಚುಕ್ಕೆಗಳು ಒಂದಾದ ಮೇಲೊಂದು ಮಿನುಗುತ್ತಲೇ ಇದ್ದವು. ಇನ್ನೂ ಯೋಚಿಸೋಣ ಎಂದು ಹೇಳಿ ಅವರು ಫಾರಂಗಳ ಕಟ್ಟನ್ನು ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿಕೊಂಡರು.

ಮೆಟ್ಟಿಲಿಳಿಯುವಾಗ ಹಾಲಮ್ಮ, ಬಾಟಲಿ ಒಡೆದುಹಾಕಲೇ ಎಂದುಕೊಂಡಳು. ಒಡೆದರೆ ತನ್ನನ್ನು ಹುಚ್ಚಿ ಎನ್ನುತ್ತಾರೆ, ಸುಳ್ಳು ಮಾತ್ರ ಕ್ಷೇಮವಾಗಿರುತ್ತದೆ. ಬಾಟಲಿಯಲ್ಲಿ ಉಪ್ಪುನೀರು ತುಂಬಲೇ ಎಂದುಕೊಂಡಳು. ಆಗ ಆರೋಗ್ಯವಂತರಿಗೂ ಕೆಂಪು ಬರುತ್ತದೆ, ಅದೂ ಇನ್ನೊಂದು ಸುಳ್ಳೇ. ಸಾಹೇಬರು ಕೇಳಿದ್ದು ಕೈಬರಹ ಯಾರದೆಂದು. ಬರೆದದ್ದು ತಪ್ಪಾದರೆ ಬರೆದವರೇ ತಿದ್ದಬೇಕು ಎಂದು ಅವಳಿಗೆ ತೋಚಿತು.

ತಿಂಗಳ ಟ್ಯೂಬುಗಳು ಹೊರಡುವ ದಿನ ಅದು. ಟ್ಯೂಬು ತುಂಬುವುದೂ ಅವಳೇ, ಚೀಟಿಯ ಯಂತ್ರಕ್ಕೆ ಅಕ್ಷರ ಹೊಡೆಯುವುದೂ ಅವಳೇ. ಪ್ರತಿ ತಿಂಗಳು ನಾರ್ಮಲ್ ಎಂದು ಹೊಡೆದು, ಬ್ಯಾಚ್ ನಂಬರ್ ಹಾಕಿ ಗುಂಡಿ ಒತ್ತಿದರೆ ಆಯಿತು. ಆ ದಿನ ಅವಳು ನಾಲ್ಕು ಸಾಲು ಹೊಡೆದಳು.

“ಇದು ನಾರ್ಮಲ್ ಅಲ್ಲ. ಇದರಲ್ಲಿ ಹದಿನಾಲ್ಕು ಕಾಯಿಲೆಯವರ ರಕ್ತ ಇದೆ. ಹಸಿರು ಬಂತೆಂದು ಸುಸ್ತಾದ ಹೆಂಗಸರನ್ನು ಮನೆಗೆ ಕಳಿಸಬೇಡಿ. ಹಾಲಮ್ಮ, ಬಾಟಲಿ ತುಂಬಿದವಳು.”

ಕೆಳಗೆ ತನ್ನ ಫೋನ್ ನಂಬರ್ ಹಾಕಿದಳು. ಸಾವಿರದಿನ್ನೂರು ಚೀಟಿ ಮುದ್ರಣವಾಗಲು ಒಂದು ಗಂಟೆ ಹಿಡಿಯಿತು. ಅಂಟಿಸುತ್ತ ಕೂತಿದ್ದಾಗ ಶಿಫಾ ಒಳಗೆ ಬಂದು ಒಂದು ಟ್ಯೂಬು ಎತ್ತಿ ಓದಿ ಕೆಳಗಿಟ್ಟಳು. ಹೊರಗೆ ಹೋದಳು. ಹೋಗಿ ದೂರು ಕೊಡುತ್ತಾಳೆಂದೇ ಹಾಲಮ್ಮ ಭಾವಿಸಿದಳು. ಶಿಫಾ ಮರಳಿದಾಗ ಅವಳ ಕೈಯಲ್ಲಿ ತಟ್ಟೆಯ ಚಿತ್ರದ ಪ್ರತಿಗಳ ದೊಡ್ಡ ಕಟ್ಟಿತ್ತು, ಕೆಳಗೆ ಅವಳ ಸಹಿ ಇತ್ತು. ಟ್ಯೂಬು ಕಳಿಸುವ ಪ್ರತಿ ಡಬ್ಬಿಗೂ ಒಂದೊಂದು ಮಡಚಿ ಇಡುತ್ತ ಹೋದಳು.

ಮೂರನೇ ದಿನದಿಂದ ಫೋನು ಶುರುವಾಯಿತು. ಮೊದಲು ಕರೆ ಮಾಡಿದವರು ಉಪಕೇಂದ್ರಗಳ ನರ್ಸುಗಳು. ಹೆಚ್ಚಿನವರು ಬೈಯಲು ಫೋನ್ ಮಾಡಿದ್ದರು, ನಮ್ಮ ಕೈಯಲ್ಲಿ ಇಷ್ಟು ವರ್ಷ ಸುಳ್ಳು ಹೇಳಿಸಿದಿರಲ್ಲ ಎಂದರು. ಭಟ್ಟಿ ಸಾಲಿನ ನರ್ಸು ಬೈಯಲಿಲ್ಲ. ನನಗೂ ಹಸಿರು ಬಂದಿತ್ತು ಹಾಲಮ್ಮ, ನನಗೂ ಸುಸ್ತು ಎಂದಳು. ಒಂದೊಂದೇ ಊರಿನಲ್ಲಿ ನರ್ಸುಗಳು ಪೆಟ್ಟಿಗೆಯ ಪ್ಲಗ್ ಕಿತ್ತರು. ಎರಡನೇ ಮಹಡಿಯ ನಕ್ಷೆಯಲ್ಲಿ ಚುಕ್ಕೆಗಳು ವಿರಳವಾಗಿ, ವಾರದೊಳಗೆ ಗೋಡೆ ಬರಿದಾಯಿತು. ಹಾಲಮ್ಮನನ್ನು ಅಮಾನತು ಮಾಡಿದರು. ಶಿಫಾಳಿಗೆ ನೋಟಿಸು ಬಂತು. ಆದರೆ ಗೋಡೆ ಬರಿದಾಗಿರುವಷ್ಟು ದಿನ ರಾಜಧಾನಿಯಿಂದ ಬರುವ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾದವರು ನಿರಂಜನಮೂರ್ತಿಗಳೇ. ಹತ್ತೊಂಬತ್ತನೇ ದಿನ ಅವರು ಹದಿನಾಲ್ಕು ಟ್ಯೂಬು ಬಿಟ್ಟು ಉಳಿದ ಇಪ್ಪತ್ತಾರರಿಂದ ತಾತ್ಕಾಲಿಕ ಸೊನ್ನೆಯನ್ನು ಕಟ್ಟಿಸಿ, ಹಸಿರು ಬಂದವರೆಲ್ಲ ಮತ್ತೆ ಬರಬೇಕೆಂದು ಪ್ರಕಟಣೆ ಹೊರಡಿಸಿದರು. ತಾಂತ್ರಿಕ ಪರಿಷ್ಕರಣೆ ಎಂದು ಅದರಲ್ಲಿ ಬರೆದಿತ್ತು. ತಪ್ಪು ಎಂಬ ಪದ ಎಲ್ಲಿಯೂ ಇರಲಿಲ್ಲ.

ನಾಲ್ಕನೇ ಸಲ ಪೆಟ್ಟಿಗೆ ಕೊಟ್ರಮ್ಮನಿಗೆ ಕೆಂಪು ತೋರಿಸಿತು. ಕಪಾಟಿನ ಬೀಗ ಟಕ್ಕೆಂದು ತೆರೆಯಿತು. ಉಳಿದಿದ್ದ ಕಾಲು ಭಾಗ ಉಳಿಯಿತು, ಹೋದ ಮುಕ್ಕಾಲು ಭಾಗ ಹೋಯಿತು.

ಮಾತ್ರೆಯ ಬಲವೂ ಕೂಡಿ ಕೊಟ್ರಮ್ಮನ ಮೈಗೆ ಕಾವು ಬಂದದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಶಾಲು ಟ್ರಂಕು ಸೇರಿತು. ಒಂದು ಬೆಳಿಗ್ಗೆ ಹಾಲಮ್ಮ ಎದ್ದಾಗ ತಂಗಿ ಆಗಲೇ ಅಂಗಳ ಗುಡಿಸಿ, ಒಲೆ ಹಚ್ಚಿ, ನಡುಮನೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮುಖದ ಬಾವು ಇಳಿದು ಹಳೇ ಕೊಟ್ರಮ್ಮನ ದವಡೆ ಕಾಣುತ್ತಿತ್ತು. ಹಾಲಮ್ಮ ಖುಷಿಯಿಂದ ಏನೋ ಹೇಳಲು ಹೊರಟಳು. ಕೊಟ್ರಮ್ಮ ಹೇಳಗೊಡಲಿಲ್ಲ.

“ಒಂಬತ್ತು ವರ್ಷ ಅಕ್ಕ. ಮೂರು ಕೂಸು. ನೀನು ಬೀದ್ಯಾಗೆ ನಿಂತು ಮೈಗಳ್ಳಿ ಅಂದೆ. ಅನ್ನಬೇಡ ಅನ್ನಕ್ಕೂ ನನ್ನ ಮೈಯಾಗೆ ಕಸುವಿರಲಿಲ್ಲ. ಈಗ ಐತೆ. ಈಗ ಅಂತೀನಿ, ಕೇಳು.”

ಅಂದಳು. ಮಂಡಕ್ಕಿ ಭಟ್ಟಿಯ ಮಾಲೀಕನನ್ನು, ಹರಿಹರದ ಅತ್ತೆಯನ್ನು, ನರ್ಸನ್ನು, ನಿರ್ದೇಶಕರನ್ನು, ಎಲ್ಲರಿಗಿಂತ ಹೆಚ್ಚಾಗಿ ಅಕ್ಕನನ್ನು ಬೈದಳು. ಪಕ್ಕದ ಮನೆಯವರು ಬಂದು ಬಾಗಿಲಲ್ಲಿ ನಿಂತರು. ಹಾಲಮ್ಮ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡಳು. ಸಿಟ್ಟು ಮಾಡಲೂ ಮೈಯಲ್ಲಿ ಕಾವಿರಬೇಕು, ಆ ಕಾವನ್ನೇ ಇವಳಿಂದ ಕಿತ್ತುಕೊಂಡಿದ್ದೆವು ಎಂದು ಅವಳಿಗೆ ಆಗ ಅರ್ಥವಾಯಿತು.

ದಸರೆಗೆ ಮುಂಚೆ ಹಾಲಮ್ಮನನ್ನು ಕೆಲಸಕ್ಕೆ ವಾಪಸ್ ಕರೆದರು. ಪ್ರೀತಿಯಿಂದೇನಲ್ಲ. ಬೇರೆಯವರ ಕೈಯಲ್ಲಿ ಮೂರನೇ ನಂಬರಿನ ಕೋಶಗಳು ಸಾಯತೊಡಗಿದ್ದವು. ಹೊಸ ನಾರ್ಮಲ್ ಬಾಟಲಿಯೂ ಬೇಕಿತ್ತು. ನನ್ನ ತಂಗಿ ಪಕ್ಕದಲ್ಲಿ ಕೂರುವುದಾದರೆ ಬರುತ್ತೇನೆ ಎಂದಳು ಹಾಲಮ್ಮ, ನಿರಂಜನಮೂರ್ತಿಗಳು ಒಪ್ಪಿದರು. ಹಬ್ಬದ ದಿನ ಬೇಡ, ಮಾಮೂಲಿ ದಿನವಿರಲಿ, ಒಬ್ಬೊಬ್ಬರನ್ನೇ ಒಳಗೆ ಬಿಡಿ, ಬಾಗಿಲು ಮುಚ್ಚಿರಲಿ ಎಂದು ಶಿಫಾ ನಿಯಮ ಬರೆದಳು. ಹದಿನೇಳು ಪ್ರಶ್ನೆಯೂ ಮೇಜಿನ ಮೇಲಿತ್ತು.

ಮೊದಲು ಬಂದವಳು ಹಾಸ್ಟೆಲಿನಲ್ಲಿ ಪಾತ್ರೆ ತೊಳೆಯುವವಳು, ನಲವತ್ತರ ಹೆಂಗಸು. ಸೆರಗಿನಿಂದ ಕೈ ಒರೆಸಿಕೊಂಡು, ಕುರ್ಚಿಯ ತುದಿಯಲ್ಲಿ ಕೂತು, ಯಾರೂ ಏನೂ ಕೇಳುವ ಮೊದಲೇ ನಗುತ್ತ ಹೇಳಿದಳು.

“ಆರಾಮ್ ರೀ.”

ಹಾಲಮ್ಮ ಪೆನ್ನು ಕೆಳಗಿಟ್ಟಳು. ಕೊಟ್ರಮ್ಮ ಕುರ್ಚಿ ಎಳೆದುಕೊಂಡು ಆ ಹೆಂಗಸಿನ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು.

“ಸುಳ್ಳು. ಸರಿಯಾಗಿ ಕೂತ್ಕಾ. ಮೊದ್ಲಿಂದ ಹೇಳು.”